ಕರಿಯಣ್ಣನ ಗಾಜಿನ ಲೋಟ

ಕರಿಯಣ್ಣನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿಲ್ಲ. ಬಸ್ಸು ಐದು ನಿಮಿಷ ತಡವಾದರೆ ಸಾಕು, ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೂ ಸಾಕು. ಆದರೆ ಆ ಬುಧವಾರ ಬಂದ ಸಿಟ್ಟು ನ್ಯಾಯವಾದದ್ದೇ. ಕೆಲಸದ ಕೋಣೆಯೊಳಗೆ ಗಾಜಿನ ಲೋಟ ತಂದನೆಂದು ಅವನಿಗೆ ಮೆಮೊ ಕೊಟ್ಟಿದ್ದರು. ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು ಒಂದೇ ಒಂದು ಮೆಮೊ ಇಲ್ಲದೆ ಹೊರಬಂದವನು, ಐವತ್ತೈದನೆಯ ವಯಸ್ಸಿನಲ್ಲಿ, ಲೋಟ ಕದ್ದವನ ಹಾಗೆ ತಲೆ ತಗ್ಗಿಸಿ ಸಹಿ ಹಾಕಬೇಕಾಯಿತು.

ಹೊರಬಂದವನು ಎಂದರೆ ಅವನಾಗಿ ಬಂದದ್ದಲ್ಲ, ಕಾರ್ಖಾನೆಯೇ ನಿಂತಿತು. ಕಾಗದನಗರದ ಕ್ವಾರ್ಟರ್ಸ್ ಬಿಟ್ಟು, ಹೆಂಡತಿ ಪುಟ್ಟಲಕ್ಷ್ಮಿಯನ್ನು ಕರೆದುಕೊಂಡು ಜನ್ನಾಪುರದಲ್ಲಿ ಬಾಡಿಗೆ ಮನೆ ಹಿಡಿದ. ಕೆಲವು ವರ್ಷ ಎಟಿಎಂ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ, ಕೆಲವು ವರ್ಷ ಅಡಿಕೆ ಮಂಡಿಯಲ್ಲಿ ಚೀಲ ಹೊಲಿದ. ಎರಡು ವರ್ಷದ ಹಿಂದೆ ಶಿವಮೊಗ್ಗ ರಸ್ತೆಯ ಮಾಚೇನಹಳ್ಳಿಯಲ್ಲಿ ಬ್ಯಾಟರಿ ಶೆಡ್ಡೊಂದು ಶುರುವಾಗಿ, ಕಲಸುವ ಯಂತ್ರ ನೋಡಿಕೊಳ್ಳಲು ಅನುಭವಸ್ಥರು ಬೇಕೆಂದಾಗ ಓಡಿಹೋಗಿ ಸೇರಿಕೊಂಡ. ಒಟ್ಟು ಹನ್ನೊಂದು ಜನರ ಶೆಡ್ಡು. ಮೇಲಿನ ಕೋಣೆಯಲ್ಲಿ ಕೂರುವ ಮುಖ್ಯಸ್ಥ ವಿಷ್ಣುಪ್ರಸಾದ, ದೊಡ್ಡ ಓದು ಓದಿದವರು. ಕೆಳಗೆ ಪುಡಿ ತೂಗಿ ಲೆಕ್ಕ ಬರೆಯುವವಳು ರಕ್ಷಾ, ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿ ಬಂದ ಶಿವಮೊಗ್ಗದ ಹೊಸಮನೆ ಬಡಾವಣೆಯ ಹುಡುಗಿ. ಅವಳು ತೂಗಿ ಕೊಟ್ಟದ್ದನ್ನು ಕಲಸುವವನು ಕರಿಯಣ್ಣ.

ಅಲ್ಲಿ ಮಾಡುತ್ತಿದ್ದುದು ಇಡೀ ಬ್ಯಾಟರಿಯನ್ನಲ್ಲ, ಅದರ ಹೊಟ್ಟೆಯೊಳಗಿರುವ ಒಂದು ಕಪ್ಪು ಹಾಳೆಯನ್ನು. ಗ್ರಾಫೈಟ್ ಪುಡಿಗೆ ಸ್ವಲ್ಪ ಸಿಲಿಕಾನ್ ಬೆರೆಸಿ, ನೀರು, ಅಂಟು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ತೆಳುವಾದ ತಾಮ್ರದ ಹಾಳೆಯ ಮೇಲೆ ಬಳಿದು ಒಣಗಿಸಬೇಕು. ಸಿಲಿಕಾನ್ ಇದ್ದರೆ ಬ್ಯಾಟರಿ ಹೆಚ್ಚು ಚಾರ್ಜ್ ಹಿಡಿಯುತ್ತದೆ. ಆದರೆ ಅದಕ್ಕೊಂದು ದುರ್ಗುಣ: ಚಾರ್ಜ್ ಆದಾಗ ಉಬ್ಬುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಉಬ್ಬಿ ಕುಗ್ಗಿ, ಉಬ್ಬಿ ಕುಗ್ಗಿ, ಕೊನೆಗೊಂದು ದಿನ ಹಳೇ ಗೋಡೆಯ ಸುಣ್ಣದಂತೆ ಚಕ್ಕೆಯೇಳುತ್ತದೆ. ಹಾಗಾಗದಿರಲೆಂದು ಇಂಗಾಲದ ಒಂದು ನಾರನ್ನು ಬೆರೆಸುತ್ತಿದ್ದರು. ನೂರು ಗ್ರಾಂ ಪುಡಿಗೆ ಅರ್ಧ ಗ್ರಾಂ ಅಷ್ಟೇ. ತಲೆಗೂದಲನ್ನು ಸಾವಿರಾರು ಎಳೆಯಾಗಿ ಸೀಳಿದರೆ ಎಷ್ಟು ಸಪೂರವಾದೀತೋ ಅಷ್ಟು ಸಪೂರದ ನಾರು. ಅದು ಎಲ್ಲೆಡೆ ಹರಡಿ ಕಣಕಣವನ್ನೂ ಹೆಣೆದು ಹಿಡಿದರೆ ಹಾಳೆ ಬಾಳುತ್ತದೆ.

ಇದನ್ನು ರಕ್ಷಾ ಮೊದಲ ದಿನ ವಿವರಿಸಿದಾಗಲೇ ಕರಿಯಣ್ಣನಿಗೆ ಪೂರ್ತಿ ಅರ್ಥವಾಗಿತ್ತು. ನಾರು ಹೆಣೆದುಕೊಂಡರೆ ಹಾಳೆ, ಇಲ್ಲದಿದ್ದರೆ ಧೂಳು. ಇಷ್ಟು ವರ್ಷ ಅವನು ಮಾಡಿದ್ದು ಬೇರೇನು? ಅಲ್ಲಿ ಬಿದಿರಿನ ಬಿಳಿ ನಾರು, ಇಲ್ಲಿ ಕರೀ ನಾರು. ಆದರೆ ಅವನಿಗೆ ಅರ್ಥವಾಗಿದೆಯೇ ಎಂದು ಯಾರೂ ಕೇಳಲಿಲ್ಲ, ಹಿತ್ತಲ ಗಿಡ ಮದ್ದಲ್ಲವಲ್ಲ.

ಶೆಡ್ಡಿನ ಹಣೆಬರಹ ಒಂದು ಸಂಖ್ಯೆಗೆ ಕಟ್ಟುಬಿದ್ದಿತ್ತು. ಐನೂರು ಸಲ ಚಾರ್ಜ್ ಮಾಡಿ ಖಾಲಿ ಮಾಡಿದ ಮೇಲೂ ಬ್ಯಾಟರಿಯಲ್ಲಿ ನೂರಕ್ಕೆ ಎಂಬತ್ತರಷ್ಟು ಶಕ್ತಿ ಉಳಿದಿರಬೇಕು. ಹಾಗಿದ್ದರೆ ಸ್ಕೂಟರ್ ಕಂಪನಿಯೊಂದು ಇವರ ಹಾಳೆ ಕೊಳ್ಳುತ್ತದೆ. ಆಗದಿದ್ದರೆ ವರ್ಷ ಮುಗಿಯುವುದರೊಳಗೆ ಶೆಡ್ಡಿಗೆ ಬೀಗ. ಒಂದು ಗೇಟಿಗೆ ಬೀಗ ಬಿದ್ದದ್ದನ್ನು ಕಂಡವನಿಗೆ ಇನ್ನೊಂದನ್ನು ನೋಡುವ ಶಕ್ತಿ ಇರಲಿಲ್ಲ. ಪರೀಕ್ಷೆಯ ಯಂತ್ರ ಹಾಳೆ ಹಾಕಿದ ಬ್ಯಾಟರಿಯನ್ನು ದಿನಕ್ಕೆ ನಾಲ್ಕೈದು ಸಲ ಚಾರ್ಜ್ ಮಾಡಿ ಇಳಿಸುತ್ತಿತ್ತು, ಪರದೆಯ ಮೇಲೆ ಎಣಿಕೆ ಬೀಳುತ್ತಿತ್ತು. ಮೊದಲ ಹಾಳೆ ಮುನ್ನೂರ ಹತ್ತಕ್ಕೇ ಎಂಬತ್ತರಿಂದ ಕೆಳಗಿಳಿಯಿತು.

ಯಾಕೆಂದು ಕರಿಯಣ್ಣನಿಗೆ ಗೊತ್ತಿತ್ತು. ನಾರು ಗಂಟುಗಂಟಾಗಿಯೇ ಉಳಿದಿತ್ತು. ನಲವತ್ತು ನಿಮಿಷ ಕಲಸಿ ಎಂದು ನಾರಿನ ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಬರೆದಿತ್ತು, ವಿಷ್ಣುಪ್ರಸಾದರಿಗೆ ಅದೇ ವೇದ. ಕಾರ್ಖಾನೆಯಲ್ಲಿ ಹೀಗೆ ಕಾಗದ ನೋಡಿ ಕಾಗದ ಮಾಡುತ್ತಿರಲಿಲ್ಲ. ಅವನ ಮೇಸ್ತ್ರಿ ಷಡಕ್ಷರಪ್ಪನವರು ನಾರಿನ ತೊಟ್ಟಿಯಿಂದ ಒಂದು ಚಮಚ ತೆಗೆದು, ಗಾಜಿನ ಲೋಟದ ನೀರಿಗೆ ಬಿಟ್ಟು, ಅಲುಗಿಸಿ, ಬೆಳಕಿಗೆ ಓರೆಯಾಗಿ ಹಿಡಿಯುತ್ತಿದ್ದರು. ಗಂಟಿದ್ದರೆ ಚುಕ್ಕೆಯಾಗಿ ಕಾಣುತ್ತದೆ. ಕಂಡರೆ ಇನ್ನೂ ಬಡಿ.

ಎರಡನೆಯ ಸಲ ಕಲಸುವ ದಿನ ಕರಿಯಣ್ಣ ಮನೆಯಿಂದ ಲೋಟ ತಂದ. ನಲವತ್ತು ನಿಮಿಷವಾದ ಕೂಡಲೇ ಒಂದು ಹನಿ ಕಪ್ಪನ್ನು ನೀರಿಗೆ ಬಿಟ್ಟು ಕಿಟಕಿಗೆ ಹಿಡಿದ. ಸಾಸಿವೆ ಚೆಲ್ಲಿದಂತೆ ಚುಕ್ಕೆ! ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದು ವಿಷ್ಣುಪ್ರಸಾದರನ್ನು ಕರೆದ.

"ಸಾರ್, ಒಂದ್ನಿಮಿಷ ಇಲ್ಲಿ ನೋಡಿ. ಗಂಟು ಹಂಗೇ ಇದೆ."

ವಿಷ್ಣುಪ್ರಸಾದರು ಗಂಟು ನೋಡಲಿಲ್ಲ, ಲೋಟ ನೋಡಿದರು. "ಇದನ್ನ ಒಳಗೆ ಯಾರು ತಂದಿದ್ದು? ಕಾಫಿ ಕುಡಿಯೋ ಲೋಟ ಅಲ್ವೇನ್ರೀ ಇದು?"

"ತೊಳ್ದೇ ತಂದಿದ್ದೀನಿ ಸಾರ್. ಲೋಟ ಬಿಡಿ, ಒಳಗಿರೋದನ್ನ ನೋಡಿ."

"ಕರಿಯಣ್ಣ, ಇದು ಪೇಪರ್ ಮಿಲ್ ಅಲ್ಲ. ಒಂದು ಕಣ ಧೂಳು ಬಿದ್ರೆ ಇಡೀ ಬ್ಯಾಚ್ ಹೋಯ್ತು. ಎಲ್ಲ ಚೆಲ್ಲಿ, ನಾಳೆ ಹೊಸದಾಗಿ ಮಾಡಿ. ನಲವತ್ತು ನಿಮಿಷ. ಅದಕ್ಕಿಂತ ಹೆಚ್ಚು ಕಮ್ಮಿ ಬೇಡ."

ಮಧ್ಯಾಹ್ನ ಮೆಮೊ ಬಂತು. ಲೋಟ ಸ್ಟೋರ್ ರೂಮಿನ ಬೀರು ಸೇರಿತು.

ಮರುದಿನ ಬೆಳಿಗ್ಗೆ ರಕ್ಷಾ ಪುಡಿಗಳನ್ನೆಲ್ಲ ತೂಗಿಟ್ಟು, ವಿಷ್ಣುಪ್ರಸಾದರ ಜೊತೆ ಶಿವಮೊಗ್ಗದ ಯಾವುದೋ ಮೀಟಿಂಗಿಗೆ ಹೋದಳು. ಕೋಣೆಯಲ್ಲಿ ಕರಿಯಣ್ಣನೊಬ್ಬನೇ. ಮೆಮೊದ ಸಿಟ್ಟು ಈಗ ಕೈಗೆ ಇಳಿಯಿತು. ನಲವತ್ತು ನಿಮಿಷವಂತೆ! ಗುಂಡಿ ಒತ್ತಿದ, ನಲವತ್ತು ನಿಮಿಷಕ್ಕೆ ಯಂತ್ರ ನಿಂತಿತು. ಮತ್ತೆ ಒತ್ತಿದ. ಮತ್ತೆ ನಿಂತಿತು. ಮೂರನೆಯ ಸಲವೂ ಒತ್ತಿದ. ನಡುವೆ ಒಮ್ಮೆ ನೋಡಬಹುದಿತ್ತು, ಬೇರೆ ಯಾವುದಾದರೂ ಗಾಜು ಹುಡುಕಬಹುದಿತ್ತು. ಲೋಟ ಬೇಡವೆಂದರಲ್ಲ, ಸರಿ, ನೋಡುವುದೇ ಇಲ್ಲ ಎಂದು ಹಟ ಹಿಡಿದ. ಬಿದಿರನ್ನು ಅದಕ್ಕಿಂತ ಹೆಚ್ಚು ಹೊತ್ತು ಬಡಿದ ಕೈಗೆ ಎರಡು ಗಂಟೆ ಯಾವ ಲೆಕ್ಕ? ಪ್ರತಿ ಸಲದ ವಿವರ ತುಂಬುವ ಬ್ಯಾಚ್ ಹಾಳೆಯಲ್ಲಿ, ಕಲಸಿದ ಸಮಯ ಎಂಬಲ್ಲಿ ನಲವತ್ತು ಎಂದೇ ಬರೆದ. ಮಾರನೆಯ ದಿನ ರಕ್ಷಾ ಅವನನ್ನು ನಂಬಿ ಅದರ ಕೆಳಗೆ ಸಹಿ ಮಾಡಿದಳು.

ಕರಿಯಣ್ಣ ಆ ತಿಂಗಳು ಖುಷಿಯಾಗಿದ್ದ ಎಂದೇ ಹೇಳಬೇಕು. ಐನೂರು ದಾಟಿದ ದಿನ ಮೇಲಿನ ಕೋಣೆಗೆ ಹೋಗಿ ಹೇಗೆ ಹೇಳಬೇಕು, ಯಾವ ಮಾತಿನಿಂದ ಶುರು ಮಾಡಬೇಕು ಎಂದು ಬಸ್ಸಿನಲ್ಲಿ ಕೂತು ಯೋಚಿಸುತ್ತಿದ್ದ. ಆ ಹಾಳೆ ನೂರ ಅರವತ್ತಕ್ಕೇ ಸತ್ತಿತು.

ಮೊದಲನೆಯದರ ಅರ್ಧದಷ್ಟೂ ಬಾಳಲಿಲ್ಲ. ಬಿಚ್ಚಿ ನೋಡಿದರೆ ತಾಮ್ರದ ಮೇಲಿನ ಕಪ್ಪು ಹಪ್ಪಳದಂತೆ ಒಡೆದಿತ್ತು. ಕರಿಯಣ್ಣ ಚಕ್ಕೆಯನ್ನು ಬೆರಳಲ್ಲಿ ತಿಕ್ಕಿದ, ಅದು ಪುಡಿಯಾಗಿ ಉದುರಿತು. ನಾರೇ ಇಲ್ಲವೇನೋ ಎನ್ನುವ ಹಾಗೆ. ಅವನಿಗೆ ತಲೆಬುಡ ತಿಳಿಯಲಿಲ್ಲ.

ವಿಷ್ಣುಪ್ರಸಾದರಿಗೆ ಮಾತ್ರ ಕೂಡಲೇ ತಿಳಿಯಿತು, ತಪ್ಪಾಗಿ ತಿಳಿಯಿತು. ಎರಡು ಬ್ಯಾಚಿಗೂ ಅದೇ ಪುಡಿ, ಅದೇ ಯಂತ್ರ, ಅದೇ ನಲವತ್ತು ನಿಮಿಷ. ಹಾಗಿದ್ದರೆ ವ್ಯತ್ಯಾಸವಾಗಿದ್ದು ತೂಕದಲ್ಲಿ. ಅರ್ಧ ಗ್ರಾಂ ನಾರನ್ನು ತೂಗಲು ಬಾರದವಳು ರಕ್ಷಾ ಎಂದು ಎಲ್ಲರೆದುರಿಗೆ ಹೇಳಿದರು. ಅವಳು ತೂಕದ ಚೀಟಿಗಳನ್ನು ತಂದು ಮುಂದಿಟ್ಟಳು. ಅವರು ನೋಡಲಿಲ್ಲ. ಶುಕ್ರವಾರ ಸಂಜೆ, ಸೋಮವಾರದಿಂದ ಬರುವುದು ಬೇಡ ಎಂದರು. ನಾರಿನ ಸಹವಾಸವೇ ಸಾಕು, ಉಳಿದ ದಿನಗಳಲ್ಲಿ ನಾರಿನ ಬದಲು ಬೇರೆಯವರೆಲ್ಲ ಬೆರೆಸುವ ಹಳೇ ಇಂಗಾಲದ ಮಸಿಯನ್ನೇ ಹಾಕಿ ನೋಡೋಣ ಎಂದೂ ಹೇಳಿದರು. ಹಳೇ ಮಸಿ ಇನ್ನೂರೂ ದಾಟುವುದಿಲ್ಲವೆಂದು ಶೆಡ್ಡಿನ ಹನ್ನೊಂದು ಜನಕ್ಕೂ ಗೊತ್ತಿತ್ತು.

ಕರಿಯಣ್ಣ ಅಲ್ಲೇ ನಿಂತಿದ್ದ. ಬಾಯಿ ಬಿಟ್ಟರೆ ಬಣ್ಣಗೇಡು. ಬಿಡಲಿಲ್ಲ.

ಮನೆಗೆ ಬಂದವನು ಊಟ ಮಾಡದೆ ಕೈ ತೊಳೆಯುತ್ತಲೇ ನಿಂತ. ಆ ಕಪ್ಪು ಸೋಪಿಗೆ ಹೋಗುವಂಥದ್ದಲ್ಲ, ಉಗುರಿನ ಸಂದಿಯಲ್ಲಿ ಇದ್ದೇ ಇರುತ್ತದೆ. ಪುಟ್ಟಲಕ್ಷ್ಮಿ ಹಿಂದಿನಿಂದ ನೋಡಿದಳು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿಮ್ದು ಎರಡು ವರ್ಷದಿಂದ ಕೈ ಕರ್ರಗಾಗಿದ್ದೇ ಬಂತು. ಏನಾಯ್ತ್ರೀ?"

ಅವನು ಹೇಳಿದ. ಗುಂಡಿ ಮೂರು ಸಲ ಒತ್ತಿದ್ದು, ನಲವತ್ತು ಎಂದು ಬರೆದದ್ದು, ರಕ್ಷಾ ಅತ್ತುಕೊಂಡು ಬಸ್ಸು ಹತ್ತಿದ್ದು.

ಪುಟ್ಟಲಕ್ಷ್ಮಿ ಸಮಾಧಾನ ಮಾಡುವ ಪೈಕಿಯವಳಲ್ಲ. "ಲೋಟದ ಸಿಟ್ಟನ್ನ ಆ ಹುಡುಗಿ ತಲೆ ಮೇಲೆ ಹಾಕಿದ್ರಾ? ಥೂ!" ಎಂದು ಒಳಗೆ ಹೋದಳು.

ಭಾನುವಾರ ಬೆಳಿಗ್ಗೆ ಅವನು ಕಾಗದನಗರಕ್ಕೆ ಹೋದ. ಷಡಕ್ಷರಪ್ಪನವರು ಮಗಳ ಜೊತೆ ಇನ್ನೂ ಅಲ್ಲೇ ಇದ್ದರು. ಎಂಬತ್ತರ ಹತ್ತಿರದ ಮುದುಕ, ಹಣೆಯಲ್ಲಿ ವಿಭೂತಿ, ಕಿವಿ ಸ್ವಲ್ಪ ಮಂದ, ನಾಲಿಗೆ ಮಾತ್ರ ಹಾಗೇ ಚೂಪು. ಕರಿಯಣ್ಣ ಜಗುಲಿಯಲ್ಲಿ ಕೂತು ಎಲ್ಲ ಹೇಳಿ, ಕೊನೆಗೆ, "ಗಂಟು ಇದ್ದಾಗ ಮುನ್ನೂರು ಬಂತು. ಗಂಟು ಒಡೆಯೋ ಹಾಗೆ ಬಡಿದ್ರೆ ಅರ್ಧಕ್ಕೂ ಬರ್ಲಿಲ್ಲ. ಇದ್ಯಾವ ನ್ಯಾಯ ಯಜಮಾನ್ರೆ?" ಎಂದ.

"ಗಂಟು ಹೋದ ಮೇಲೆ ಎಷ್ಟೊತ್ತು ಓಡಿಸ್ದೆ?"

"ಯಾವಾಗ ಹೋಯ್ತೋ ಗೊತ್ತಿಲ್ಲ. ನೋಡ್ಲಿಲ್ಲ. ಒಟ್ಟು ಎರಡು ಗಂಟೆ."

"ನೋಡ್ಲಿಲ್ವಾ!" ಮುದುಕರು ಎದ್ದೇ ನಿಂತರು. "ನೋಡ್ದೆ ಬಡಿದ್ಯಾ?"

"ಬಿದಿರನ್ನ ಅದಕ್ಕಿಂತ ಜಾಸ್ತಿ ಬಡೀತಿದ್ವಲ್ಲ..."

"ಬಿದಿರು ಬಿದಿರು ಕಣೋ ಮಾರಾಯ. ನಿನ್ನ ನಾರು ಕೂದಲಿಗಿಂತ ಸಾವಿರ ಪಾಲು ಸಣ್ಣದು ಅಂತ ಈಗ ನೀನೇ ಹೇಳ್ದೆ. ಅದಕ್ಕೆ ಎಷ್ಟು ಜೀವ ಇರ್ತದೆ? ತುಂಡಾಗಿರ್ತದೆ, ತುಂಡು ತುಂಡು. ತುಂಡಾದ ನಾರು ಏನನ್ನ ಹಿಡೀತದೆ? ನಾನು ನಿಂಗೆ ಏನು ಹೇಳ್ಕೊಟ್ಟಿದ್ದೆ ಹೇಳು."

"ಗಂಟು ಹೋಗೋ ತನಕ ಬಡಿ ಅಂತ."

"ಹೋದ ಕೂಡ್ಲೇ?"

ಕರಿಯಣ್ಣನಿಗೆ ಈಗ ನೆನಪಾಯಿತು. ಹೋದ ಕೂಡಲೇ ಕೈ ತೆಗಿ. ಹಾಗೆಂದು ಈ ಮನುಷ್ಯ ವರ್ಷಗಟ್ಟಲೆ ಅವನ ಕಿವಿಯ ಹತ್ತಿರ ಕೂಗಿದ್ದರು. ಮಾತಿನ ಮೊದಲರ್ಧವನ್ನು ಇಟ್ಟುಕೊಂಡು ಎರಡನೆಯ ಅರ್ಧವನ್ನು ಸಿಟ್ಟಿನಲ್ಲಿ ನುಂಗಿದ್ದ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಇಲ್ಲಂತೂ ಕೊಯ್ದದ್ದು ಇನ್ನೊಬ್ಬಳ ಮೂಗು.

ಅಲ್ಲಿಂದಲೇ ಶಿವಮೊಗ್ಗದ ಬಸ್ಸು ಹತ್ತಿದ. ಹೊಸಮನೆಯಲ್ಲಿ ಎರಡು ಕಡೆ ವಿಚಾರಿಸಿ ರಕ್ಷಾಳ ಮನೆ ಹುಡುಕಿದ. ಬಾಗಿಲು ತೆಗೆದವಳು ಒಳಗೆ ಬನ್ನಿ ಎಂದಳು. ಅವನು ಹೊಸ್ತಿಲ ಹೊರಗೇ ನಿಂತು ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನು ನಿಮ್ಮನ್ನ ನಂಬಿ ಸೈನ್ ಹಾಕ್ದೆ ಕರಿಯಣ್ಣ," ಎಂದಳು. "ಒಂದು ವಾರದಿಂದ ನನ್ನ ತಕ್ಕಡಿನೇ ಸರಿ ಇಲ್ವೇನೋ, ನನ್ನ ಕಣ್ಣೇ ಸರಿ ಇಲ್ವೇನೋ ಅಂತ ಒದ್ದಾಡ್ತಿದ್ದೀನಿ."

"ತಪ್ಪಾಯ್ತು ಮೇಡಂ."

"ನನ್ನ ಹತ್ರ ಹೇಳಿದ್ರೆ ಏನು ಬಂತು? ನಾಳೆ ಅವರಿಗೆ ಹೇಳಿ. ನಾನೂ ಬರ್ತೀನಿ. ನೀವು ಹೇಳ್ದಿದ್ರೆ ನಾನೇ ಹೇಳ್ತೀನಿ." ಬಾಗಿಲು ಹಾಕುವ ಮೊದಲು ಒಂದು ಮಾತು ಸೇರಿಸಿದಳು: "ನಲವತ್ತಕ್ಕೆ ಗಂಟು, ನೂರಿಪ್ಪತ್ತಕ್ಕೆ ತುಂಡು. ಹಂಗಾದ್ರೆ ನಡುವೆ ಎಲ್ಲೋ ಸರಿಯಾದ ಜಾಗ ಇದೆ ಅಂತಾಯ್ತಲ್ಲ. ಇದನ್ನ ಆ ಬ್ಯಾಚ್ ಹಾಳೆಯಲ್ಲಿ ಬರ್ದಿದ್ರೆ ನಮಗೆ ಒಂದು ತಿಂಗಳು ಉಳೀತಿತ್ತು."

"ಬರಿಯೋಕೆ ಅದ್ರಲ್ಲಿ ಜಾಗ ಎಲ್ಲಿದೆ ಮೇಡಂ? ಟೈಮು ಬಿಟ್ರೆ ಸಹಿ."

ಅದೂ ನಿಜವೇ. ಅವಳು ಬಾಗಿಲು ಹಾಕಿಕೊಂಡಳು.

ಸೋಮವಾರ ಮೇಲಿನ ಕೋಣೆಯಲ್ಲಿ ನಡೆದದ್ದನ್ನು ಕರಿಯಣ್ಣ ಯಾರಿಗೂ ಪೂರ್ತಿ ಹೇಳಿಲ್ಲ. ವಿಷ್ಣುಪ್ರಸಾದರು ಮೇಜಿನ ಮೇಲಿದ್ದ ಪೆನ್ನು ಎಸೆದದ್ದು ನಿಜ. ಪೊಲೀಸ್ ಕಂಪ್ಲೇಂಟ್ ಎಂದದ್ದೂ ನಿಜ. ರಕ್ಷಾ ನಡುವೆ ಬಾಯಿ ಹಾಕಿ, "ಸಾರ್, ಒದರಾಡಿ ಮುಗಿದ ಮೇಲೆ ನನ್ನ ತೂಕದ ಚೀಟಿ ನೋಡ್ತೀರಾ?" ಎಂದಳಂತೆ. ಆಗ ಅವರು ಮೊದಲ ಸಲ ನೋಡಿದರು. ತೂಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅವಳಿಗೆ, ಕೆಲಸಕ್ಕೆ ಹೋಗಿ ಎಂದರು. ಕ್ಷಮಿಸಿ ಎನ್ನಲಿಲ್ಲ. ಕರಿಯಣ್ಣನಿಗೆ ಎರಡನೆಯ ಮೆಮೊ, ಒಂದು ವಾರದ ಸಂಬಳ ಕಡಿತ. ಕೆಲಸದಿಂದ ತೆಗೆಯಲಿಲ್ಲ, ಯಾಕೆಂದರೆ ಆ ಯಂತ್ರ ಓಡಿಸಲು ಬೇರೆ ಗತಿ ಇರಲಿಲ್ಲ. ವರ್ಷ ಮುಗಿಯಲು ನಾಲ್ಕು ತಿಂಗಳು. ಐನೂರು ಸಲ ಪರೀಕ್ಷೆ ಮಾಡಲು ಮೂರೂವರೆ ತಿಂಗಳು ಬೇಕು. ಹಳೇ ಮಸಿಯ ಮಾತು ಬಿಟ್ಟು ನಾರಿನದೇ ಇನ್ನೊಂದು ಬ್ಯಾಚು, ಅದೇ ಕೊನೆಯದು.

ಎಷ್ಟು ನಿಮಿಷ ಕಲಸಬೇಕು? ವಿಷ್ಣುಪ್ರಸಾದರು ನಲವತ್ತಕ್ಕೆ ನೂರಿಪ್ಪತ್ತು ಕೂಡಿಸಿ ಎರಡರಿಂದ ಭಾಗಿಸಿದರು. ಎಂಬತ್ತು. ಹೊಸ ಬ್ಯಾಚ್ ಹಾಳೆಯಲ್ಲಿ ಎಂಬತ್ತು ಎಂದು ಅಚ್ಚಾಗಿ ಬಂತು. ಕರಿಯಣ್ಣ ತಲೆ ಚಚ್ಚಿಕೊಂಡ. ನಾರಿಗೆ ಗಡಿಯಾರ ನೋಡಲು ಬರುತ್ತದೆಯೇ?

ಕೊನೆಯ ಬ್ಯಾಚ್ ಕಲಸುವ ದಿನ ಎಂಬತ್ತು ನಿಮಿಷಕ್ಕೆ ಯಂತ್ರ ನಿಂತಿತು. ಕರಿಯಣ್ಣ ಮುಚ್ಚಳ ತೆಗೆದು ಒಳಗೆ ನೋಡುತ್ತಾ ನಿಂತ. ಹೊಸ ಡಬ್ಬಿಯ ನಾರು, ಮುಂಚಿನದಕ್ಕಿಂತ ಬಿಗಿಯಾಗಿ ಗಂಟು ಕಟ್ಟಿಕೊಂಡಿತ್ತು. ಮನಸ್ಸು ಇಲ್ಲ ಎನ್ನುತ್ತಿತ್ತು. ಗುಂಡಿ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅವನು ಎರಡೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು, "ಮೇಡಂ, ಇದು ಆಗಿಲ್ಲ ಅನ್ಸುತ್ತೆ," ಎಂದ.

"ಅನ್ಸುತ್ತೆ ಅಂದ್ರೆ ಆಗಲ್ಲ ಕರಿಯಣ್ಣ. ನೋಡಿ."

"ಲೋಟ ಇಲ್ವಲ್ಲ."

ರಕ್ಷಾ ಕಪಾಟಿನಿಂದ ಲ್ಯಾಬಿನ ಗಾಜಿನ ಬೀಕರ್ ತೆಗೆದು ನೀರು ತುಂಬಿ ಕೈಗಿಟ್ಟಳು. "ಮೆಮೊದಲ್ಲಿ ಲೋಟ ತರಬಾರದು ಅಂತ ಇದೆ. ಬೀಕರ್ ತರಬಾರದು ಅಂತ ಇಲ್ಲ."

ಹನಿ ಬಿಟ್ಟು ಅಲುಗಿಸಿ ಕಿಟಕಿಗೆ ಹಿಡಿದರು. ಚುಕ್ಕೆಗಳಿದ್ದವು. ಮುಂಚಿನಷ್ಟಲ್ಲ, ಆದರೆ ಇದ್ದವು. ರಕ್ಷಾ ಬ್ಯಾಚ್ ಹಾಳೆಯ ಮೇಲಿನ ಎಂಬತ್ತನ್ನು ನೋಡಿದಳು, ಅವನನ್ನು ನೋಡಿದಳು. "ನಾನು ಹೇಳಿದ್ರೆ ನಡಿಯಲ್ಲ. ಮೇಲೆ ಹೋಗಿ."

ಎರಡು ಮೆಮೊ ಪಡೆದವನು ಮೂರನೆಯದಕ್ಕೆ ಸಿದ್ಧನಾಗಿಯೇ ಮೆಟ್ಟಿಲು ಹತ್ತಿದ. ಬೀಕರ್ ತುಳುಕದಂತೆ ಎರಡು ಕೈಯಲ್ಲಿ ಹಿಡಿದಿದ್ದ. ಬಾಗಿಲು ತಟ್ಟದೆ ಒಳಗೆ ಹೋಗಿ, ಮೇಜಿನ ಮೇಲಿದ್ದ ಫೈಲುಗಳ ನಡುವೆ ಅದನ್ನು ಇಟ್ಟ.

"ಸಾರ್, ಮೆಮೊ ಆಮೇಲೆ ಕೊಡಿ. ಮೊದ್ಲು ಇದನ್ನ ನೋಡಿ. ಹೋದ ಸಲ ನೀವು ನೋಡ್ಲಿಲ್ಲ, ಅದಕ್ಕೆ ನಾನೂ ನೋಡ್ದೆ ಓಡಿಸ್ದೆ. ಇಬ್ರದ್ದೂ ಸೇರಿ ನೂರ ಅರವತ್ತು ಬಂತು."

ವಿಷ್ಣುಪ್ರಸಾದರ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದರು. ಆಮೇಲೆ, ಬಹುಶಃ ವಾದ ಮಾಡಲು ದಿನಗಳೇ ಉಳಿದಿಲ್ಲವೆಂದು ನೆನಪಾಗಿ, ಬೀಕರ್ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು.

"ಏನೂ ಕಾಣ್ತಿಲ್ಲ."

"ಓರೆ ಮಾಡಿ ಸಾರ್. ಇನ್ನೂ ಸ್ವಲ್ಪ. ಬೆಳಕು ಹಿಂದಿನಿಂದ ಬರ್ಬೇಕು."

ಅವರು ಓರೆ ಮಾಡಿದರು. ಬಹಳ ಹೊತ್ತು ನೋಡಿದರು. ಕೆಳಗಿಳಿಸಿದಾಗ ಅವರ ದನಿ ಸಣ್ಣದಾಗಿತ್ತು.

"ಇನ್ನೆಷ್ಟು ಹೊತ್ತು ಬೇಕು?"

ಎರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಎಷ್ಟೋ ಸಲ ಬಸ್ಸಿನಲ್ಲಿ ಕೂತು ಇದಕ್ಕೆ ಉತ್ತರ ಜೋಡಿಸಿದ್ದ, ಖಾರವಾದ ಉದ್ದುದ್ದ ಉತ್ತರಗಳು.

"ಗೊತ್ತಿಲ್ಲ ಸಾರ್. ಐದು ನಿಮಿಷ ಓಡಿಸಿ ನೋಡ್ತೀನಿ, ಮತ್ತೈದು ಓಡಿಸಿ ನೋಡ್ತೀನಿ. ಗಂಟು ಹೋದ ಕೂಡ್ಲೇ ಕೈ ತೆಗೀತೀನಿ."

ತೊಂಬತ್ತೈದಕ್ಕೆ ಗಂಟು ಹೋಯಿತು. ಅವನು ಕೈ ತೆಗೆದ.

ಆ ಹಾಳೆ ಐನೂರನ್ನು ಮುಟ್ಟಿದ ದಿನ ನೂರಕ್ಕೆ ಎಂಬತ್ತಮೂರು ಉಳಿದಿತ್ತು. ವಿಷ್ಣುಪ್ರಸಾದರು ಸ್ಕೂಟರ್ ಕಂಪನಿಗೆ ಫೋನು ಮಾಡಲು ಓಡಿದರು. ಕರಿಯಣ್ಣನಿಗೆ ಯಾರೂ ಹೇಳಲಿಲ್ಲ, ಅವನೇ ಪರದೆಯ ಮುಂದೆ ನಿಂತು ಓದಿಕೊಂಡ. ಮೆಮೊ ಎರಡೂ ಫೈಲಿನಲ್ಲಿ ಹಾಗೆಯೇ ಇವೆ. ಕಡಿದ ಸಂಬಳ ಬರಲಿಲ್ಲ. ಲೋಟವನ್ನು ವಾಪಸ್ಸು ಕೇಳಿದ್ದಕ್ಕೆ ಬೀರುವಿನ ಕೀಲಿ ಎಲ್ಲೋ ಹೋಗಿದೆ ಎಂದರು. ಮನೆಯಲ್ಲಿ ಆರು ಲೋಟದ ಸೆಟ್ಟಿನಲ್ಲಿ ಒಂದು ಕಡಿಮೆಯೆಂದು ಪುಟ್ಟಲಕ್ಷ್ಮಿ ಈಗಲೂ ಗೊಣಗುತ್ತಾಳೆ.

ಬದಲಾದದ್ದು ಬ್ಯಾಚ್ ಹಾಳೆ ಮಾತ್ರ. ಕಲಸಿದ ಸಮಯಕ್ಕೂ ಸಹಿಗೂ ನಡುವೆ ರಕ್ಷಾ ಒಂದು ಖಾಲಿ ಚೌಕ ಬಿಡಿಸಿ ಅಚ್ಚು ಹಾಕಿಸಿದ್ದಳು. ಅದರಲ್ಲಿ ಏನು ಬರೆಯಬೇಕೆಂದು ಅವಳು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಉಗುರಿನ ಕಪ್ಪು ಕಾಗದಕ್ಕೆ ತಾಗದ ಹಾಗೆ ಪೆನ್ನು ಹಿಡಿದು, ಪ್ರತಿ ಬ್ಯಾಚಿಗೂ ಒಂದೇ ಸಾಲು ಬರೆಯುತ್ತಾನೆ: ನೋಡಿದೆ, ಗಂಟಿಲ್ಲ, ನಿಲ್ಲಿಸಿದೆ.